ಈ ಬೋಟ್ ಯಾರದ್ದು? ಕರಾವಳಿ ಕಾವಲಿನ ಕಷ್ಟಗಳು

(ಉಡುಪಿಯಲ್ಲಿ ಕಾಲೇಜು ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ. ಅಲ್ಲಲ್ಲಿ ಸ್ವಲ್ಪ ಮೊಟಕು ಮಾಡಿದ್ದೇನೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಗಡಿ ಅಂದ ಕೂಡಲೇ ನಮಗೆ ನೆನಪಾಗುವುದು ಮುಳ್ಳುತಂತಿ, ಹಿಮ, ಬಂದೂಕು ಹಿಡಿದ ಯೋಧ. ಟಿವಿಯಲ್ಲಿ ಕಂಡಿದ್ದು ಅದೇ ಅಲ್ವಾ? ಆದರೆ ಉಡುಪಿಯವರಿಗೆ ದೇಶದ ಗಡಿ ನೋಡಲು ಕಾಶ್ಮೀರಕ್ಕೆ ಹೋಗಬೇಕಾಗಿಲ್ಲ. ಮಲ್ಪೆಯ ಸಿಟಿ ಬಸ್ ಹತ್ತಿದರೆ ಸಾಕು. ತೀರದಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರ್ ತನಕ ಸಮುದ್ರ ನಮ್ಮ ದೇಶಕ್ಕೆ ಸೇರಿದ್ದು. ಅದರಾಚೆ 200 ನಾಟಿಕಲ್ ಮೈಲಿನವರೆಗೆ ಮೀನು, ಎಣ್ಣೆ, ಅನಿಲದ ಹಕ್ಕು ನಮ್ಮದು. ಆದರೆ ಅಲ್ಲಿ ಯಾವ ದೇಶದ ಹಡಗು ಬೇಕಾದರೂ ಓಡಾಡಬಹುದು. 12 ಮೈಲಿನ ಒಳಗೂ ಅಷ್ಟೇ. ತೊಂದರೆ ಕೊಡದೆ ಸುಮ್ಮನೆ ಹಾದು ಹೋಗುವ ವಿದೇಶಿ ಹಡಗನ್ನು ನಾವು ತಡೆಯುವಂತಿಲ್ಲ. ಅಂತರರಾಷ್ಟ್ರೀಯ ಕಾನೂನು ಹಾಗಿದೆ.

ಪಾಕಿಸ್ತಾನದ ಜೊತೆ ನಮಗೆ 3,323 ಕಿಲೋಮೀಟರ್ ಭೂಗಡಿ ಇದೆ. ಅಲ್ಲಿ ಬೇಲಿ ಇದೆ, ದೀಪ ಇದೆ, ಗಸ್ತು ಇದೆ. ಬೇಲಿ ದಾಟಿ ಬಂದವನನ್ನು ಅನುಮಾನಿಸುವುದು ಸುಲಭ, ಯಾಕೆಂದರೆ ಅಲ್ಲಿ ಯಾರೂ ಬರಬಾರದು. ಸಮುದ್ರದಲ್ಲಿ ಎಲ್ಲರೂ ಬರುತ್ತಾರೆ. ಬೆಳಗಿನ ಜಾವ ಮಲ್ಪೆಯಿಂದ, ಗಂಗೊಳ್ಳಿಯಿಂದ, ಮಂಗಳೂರಿನಿಂದ ನೂರಾರು ಬೋಟುಗಳು ಹೊರಡುತ್ತವೆ. ಗೋವಾದವರು, ಕೇರಳದವರು, ತಮಿಳುನಾಡಿನವರೂ ಇದೇ ನೀರಿನಲ್ಲಿ ಇರುತ್ತಾರೆ. ಇಡೀ ದೇಶದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮೀನುಗಾರಿಕೆ ದೋಣಿಗಳಿವೆ. ಇವುಗಳ ನಡುವೆ ಒಂದೇ ಒಂದು ತಪ್ಪು ದೋಣಿಯನ್ನು ಗುರುತಿಸಬೇಕು. ಅದೇ ದೊಡ್ಡ ಕಷ್ಟ.

ಇತಿಹಾಸವನ್ನು ಸ್ವಲ್ಪ ನೋಡೋಣ.

1993ರ ಮಾರ್ಚ್ 12ರಂದು ಮುಂಬೈಯಲ್ಲಿ ಒಂದೇ ಮಧ್ಯಾಹ್ನ ಸರಣಿ ಸ್ಫೋಟಗಳಾದವು. 257 ಜನ ಸತ್ತರು. ಆ ಆರ್‌ಡಿಎಕ್ಸ್ ಬಂದಿದ್ದು ಸಮುದ್ರದಿಂದ. ರಾಯಗಡ ಜಿಲ್ಲೆಯ ದಿಘಿ, ಶೇಖಾಡಿ ಎಂಬ ಸಣ್ಣ ಊರುಗಳ ದಡದಲ್ಲಿ ಇಳಿಯಿತು. ಚಿನ್ನ, ಬೆಳ್ಳಿ ಕಳ್ಳಸಾಗಣೆ ಮಾಡುತ್ತಿದ್ದ ದಾರಿಯಲ್ಲೇ ಸ್ಫೋಟಕ ಬಂತು. ಕಸ್ಟಮ್ಸ್‌ನ ಕೆಲವರು, ಪೊಲೀಸರಲ್ಲಿ ಕೆಲವರು ದುಡ್ಡು ತಗೊಂಡು ಕಣ್ಣುಮುಚ್ಚಿದ್ದರು ಎಂದು ಕೋರ್ಟಿನಲ್ಲಿ ಸಾಬೀತಾಯಿತು. ಕಳ್ಳಮಾಲಿಗೆ ತೆರೆದ ಬಾಗಿಲಲ್ಲಿ ಬಾಂಬ್ ಕೂಡ ಬರುತ್ತದೆ ಅನ್ನುವುದು ಆಗಲೇ ಗೊತ್ತಾಗಿತ್ತು.

ಆಮೇಲೆ ನೌಕಾಪಡೆ, ಕೋಸ್ಟ್ ಗಾರ್ಡ್ ಮತ್ತು ಪೊಲೀಸರು ಸೇರಿ ಮಹಾರಾಷ್ಟ್ರ, ಗುಜರಾತ್ ತೀರದಲ್ಲಿ ಗಸ್ತು ಶುರು ಮಾಡಿದರು. ಅದಕ್ಕೆ ಆಪರೇಷನ್ ಸ್ವಾನ್ ಎಂದು ಹೆಸರು. ಕಾರ್ಗಿಲ್ ಯುದ್ಧದ ನಂತರ, 2001ರಲ್ಲಿ, ಕೇಂದ್ರ ಸಚಿವರ ಗುಂಪೊಂದು ಗಡಿ ನಿರ್ವಹಣೆಯ ಬಗ್ಗೆ ವರದಿ ಕೊಟ್ಟಿತು. ಕರಾವಳಿಗೆ ಪ್ರತ್ಯೇಕ ಪೊಲೀಸ್ ಬೇಕು ಎಂದು ಅದರಲ್ಲೇ ಹೇಳಿತ್ತು. ಕರಾವಳಿ ಭದ್ರತಾ ಯೋಜನೆಯ ಮೊದಲ ಹಂತ ಶುರುವಾಗಿದ್ದು 2005ರಲ್ಲಿ. ಠಾಣೆಗೆ ಜಾಗ ಹುಡುಕುವುದು, ಬೋಟಿಗೆ ಟೆಂಡರ್ ಕರೆಯುವುದು, ಇದೆಲ್ಲ ನಿಧಾನವಾಗಿ ನಡೆಯುತ್ತಿತ್ತು. ಅಷ್ಟರಲ್ಲಿ 2008ರ ನವೆಂಬರ್ ಬಂತು.

26/11ರ ಬಗ್ಗೆ ನೀವೆಲ್ಲ ಕೇಳಿದ್ದೀರಿ. ತಾಜ್ ಹೋಟೆಲು, ಸಿಎಸ್‌ಟಿ ನಿಲ್ದಾಣ, ಕಸಬ್‌ನನ್ನು ಹಿಡಿಯುವಾಗ ಪ್ರಾಣ ಕೊಟ್ಟ ತುಕಾರಾಮ್ ಓಂಬ್ಳೆ, ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್. ನಾನು ಇವತ್ತು ಅದಕ್ಕಿಂತ ಮುಂಚಿನ ಮೂರು ನಾಲ್ಕು ದಿನಗಳ ಬಗ್ಗೆ ಮಾತಾಡುತ್ತೇನೆ. ಸಮುದ್ರದ ಮೇಲೆ ಕಳೆದ ದಿನಗಳವು.

ಹತ್ತು ಜನ ಕರಾಚಿಯಿಂದ ಹೊರಟರು. ನಡುನೀರಿನಲ್ಲಿ ಪೋರಬಂದರಿನ 'ಕುಬೇರ್' ಎಂಬ ಮೀನುಗಾರಿಕೆ ಟ್ರಾಲರನ್ನು ಹಿಡಿದರು. ಅದರಲ್ಲಿದ್ದ ನಾಲ್ವರು ಮೀನುಗಾರರನ್ನು ಕೊಂದರು. ಬೋಟ್ ನಡೆಸಲು ತಂಡೇಲನನ್ನು ಮಾತ್ರ ಉಳಿಸಿಕೊಂಡರು. ಮುಂಬೈ ಹತ್ತಿರ ಬಂದ ಮೇಲೆ ಅವನನ್ನೂ ಕೊಂದರು. ನಂತರ ರಬ್ಬರ್ ದೋಣಿಯಲ್ಲಿ ಕೊಲಾಬಾ ಪಕ್ಕದ ಮಚ್ಛಿಮಾರ್ ನಗರದಲ್ಲಿ ಇಳಿದರು. ರಾತ್ರಿ ಇನ್ನೂ ಒಂಬತ್ತು ಆಗಿರಲಿಲ್ಲ.

ಈ ಪ್ರಯಾಣದಲ್ಲಿ ಅವರನ್ನು ಯಾರೂ ತಡೆಯಲಿಲ್ಲ. ಯಾಕೆ ತಡೆಯಬೇಕು ಹೇಳಿ? ಕುಬೇರ್ ಭಾರತದ ಬೋಟು. ಭಾರತದ ನೋಂದಣಿ, ಭಾರತದ ತಂಡೇಲ. ದೂರದಿಂದ ನೋಡಿದವರಿಗೆ ಅದು ಮೀನು ಹಿಡಿದು ವಾಪಸ್ ಬರುತ್ತಿರುವ ಬೋಟು. ಸಮುದ್ರದ ಕಡೆಯಿಂದ ದಾಳಿ ಆಗಬಹುದು ಎಂಬ ಎಚ್ಚರಿಕೆಗಳು ಮೊದಲೇ ಬಂದಿದ್ದವು. ಆದರೆ 'ಸಮುದ್ರದ ಕಡೆಯಿಂದ' ಅಂದರೆ ಯಾವ ಬೋಟು, ಯಾವ ದಿನ, ಯಾವ ದಡ? ಅಷ್ಟು ಗೊತ್ತಾಗದಿದ್ದರೆ ಗಸ್ತಿನ ಹಡಗು ಎಲ್ಲಿಗೆ ಅಂತ ಹೋಗಬೇಕು?

ಅವರು ದಡಕ್ಕೆ ಇಳಿದಾಗ ನೋಡಿದವರು ಇದ್ದರು. ಅಲ್ಲಿಯ ಕೋಳಿ ಸಮುದಾಯದ ಮೀನುಗಾರರು. ಭಾರದ ಬ್ಯಾಗು ಹೊತ್ತ ಹುಡುಗರು, ಗುರುತಿಲ್ಲದ ಮುಖಗಳು. ಯಾರು ನೀವು ಎಂದು ಕೇಳಿಯೂ ಕೇಳಿದರು. ನಿಮಗ್ಯಾಕೆ, ನಿಮ್ಮ ಕೆಲಸ ನೋಡಿಕೊಳ್ಳಿ ಎಂಬ ಉತ್ತರ ಬಂತು. ಇಡೀ ವ್ಯವಸ್ಥೆಯಲ್ಲಿ ಆ ಹತ್ತು ಜನರನ್ನು ಮೊದಲು ಅನುಮಾನಿಸಿದವರು ಸಮವಸ್ತ್ರ ಇಲ್ಲದವರು. ಅವರ ಅನುಮಾನ ತಕ್ಷಣ ಎಲ್ಲಿಗೆ ತಲುಪಬೇಕಿತ್ತೋ ಅಲ್ಲಿಗೆ ತಲುಪುವ ದಾರಿ ಆ ರಾತ್ರಿ ಇರಲಿಲ್ಲ. ನನ್ನ ಇವತ್ತಿನ ಮಾತೆಲ್ಲ ಈ ದಾರಿಯ ಬಗ್ಗೆಯೇ.

166 ಜನ ಸತ್ತ ಮೇಲೆ ಸರ್ಕಾರ ವೇಗವಾಗಿ ಓಡಿತು. 2008ರ ಡಿಸೆಂಬರ್ ಮುಗಿಯುವುದರೊಳಗೆ ಭಯೋತ್ಪಾದನೆ ತನಿಖೆಗೆಂದೇ ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್‌ಐಎ) ಕಟ್ಟುವ ಕಾನೂನು ಬಂತು. 2009ರ ಫೆಬ್ರವರಿಯಲ್ಲಿ ಸಮುದ್ರದ ಭದ್ರತೆಯ ಒಟ್ಟು ಹೊಣೆಯನ್ನು ನೌಕಾಪಡೆಗೆ ವಹಿಸಿದರು. ಕರಾವಳಿ ಪೊಲೀಸರು ನೋಡಿಕೊಳ್ಳುವ ನೀರೂ ಸೇರಿದಂತೆ 12 ಮೈಲಿನೊಳಗಿನ ಹೊಣೆ ಕೋಸ್ಟ್ ಗಾರ್ಡ್‌ಗೆ ಬಂತು. ನೌಕಾನೆಲೆಗಳ ಕಾವಲಿಗೆ ಸಾಗರ್ ಪ್ರಹರಿ ಬಲ್ ಎಂಬ ಹೊಸ ಪಡೆ ಹುಟ್ಟಿತು. ಹರಿಯಾಣದ ಮಾನೇಸರದಲ್ಲಷ್ಟೇ ಇದ್ದ ಎನ್‌ಎಸ್‌ಜಿ ಕಮಾಂಡೊಗಳಿಗೆ ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಾಗಳಲ್ಲಿ ನೆಲೆ ಮಾಡಿದರು. ಕರಾವಳಿಯ ಉದ್ದಕ್ಕೂ, ಬಹುತೇಕ ದೀಪಸ್ತಂಭಗಳ ಪಕ್ಕದಲ್ಲಿ, ರಾಡಾರ್ ಮತ್ತು ಕ್ಯಾಮೆರಾ ಕೂರಿಸಿದರು. ಮೊದಲ ಹಂತದಲ್ಲಿ 46 ಕೇಂದ್ರಗಳು. ಮಾಡಿಕೊಟ್ಟಿದ್ದು ನಮ್ಮ ಬೆಂಗಳೂರಿನ ಸರ್ಕಾರಿ ಕಂಪನಿ ಬಿಇಎಲ್. ಇವೆಲ್ಲ ಕೇಂದ್ರಗಳಿಂದ ಬರುವ ಚಿತ್ರವನ್ನು ಒಂದೇ ಪರದೆಯ ಮೇಲೆ ನೋಡಲು 2014ರಲ್ಲಿ ಗುರುಗ್ರಾಮದಲ್ಲಿ ಒಂದು ಕೇಂದ್ರ ತೆರೆದರು. ಸಮುದ್ರ ನೋಡಲು ಸಮುದ್ರವೇ ಇಲ್ಲದ ಊರು ಅಂತ ನಗಬೇಡಿ, ಈ ಕೆಲಸಕ್ಕೆ ಊರು ಯಾವುದಾದರೂ ನಡೆಯುತ್ತದೆ.

ಇಷ್ಟೆಲ್ಲ ಆದ ಮೇಲೆ ಏನಾಯಿತು?

2011ರ ಜುಲೈ 31. ಮುಂಬೈಯ ಜುಹು ಬೀಚಿಗೆ ಒಂದು ಹಡಗು ತಾನಾಗಿಯೇ ಬಂದು ನಿಂತಿತು. ಎಂವಿ ಪವಿತ್, ಸುಮಾರು 1,000 ಟನ್ ತೂಕದ ಹಡಗು. ಒಂದು ತಿಂಗಳ ಹಿಂದೆ ಒಮಾನ್ ತೀರದ ಬಳಿ ಇಂಜಿನ್ ಕೆಟ್ಟು, ಅದರ ಸಿಬ್ಬಂದಿಯನ್ನು ಬೇರೆ ಹಡಗಿನವರು ರಕ್ಷಿಸಿದ್ದರು. ಹಡಗು ಮುಳುಗಿರಬಹುದು ಎಂದುಕೊಂಡಿದ್ದರು. ಅದು ಮುಳುಗದೆ, ಅರಬ್ಬಿ ಸಮುದ್ರವನ್ನೇ ದಾಟಿ, ನೌಕಾಪಡೆ, ಕೋಸ್ಟ್ ಗಾರ್ಡ್, ಕರಾವಳಿ ಪೊಲೀಸ್ ಮೂರೂ ಸುತ್ತುಗಳನ್ನು ದಾಟಿ ಬಂತು. ನೋಡಿದ್ದು ಯಾರು? ಬೀಚಿನಲ್ಲಿದ್ದ ಜನ.

ರಾಡಾರ್ ಸರಪಳಿ ಆಗಿನ್ನೂ ಪೂರ್ತಿ ಆಗಿರಲಿಲ್ಲ, ಮಳೆಗಾಲದ ಕಡಲು ಬೇರೆ. ಅದು ನಿಜ. ನನಗೆ ಇನ್ನೊಂದು ಕಾರಣವೂ ಕಾಣುತ್ತದೆ. ಮಳೆಗಾಲದಲ್ಲಿ ಮೀನುಗಾರರ ಬೋಟುಗಳು ದಡದಲ್ಲಿರುತ್ತವೆ. ನಮ್ಮಲ್ಲೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇದೆ. ಬೇರೆ ದಿನಗಳಲ್ಲಿ ಪವಿತ್‌ನಂಥ ಹಡಗು ಹೀಗೆ ತೇಲಿಕೊಂಡು ಬಂದಿದ್ದರೆ ಯಾವುದಾದರೂ ಬೋಟಿನವರು ಅದನ್ನು ನೋಡಿ ವೈರ್‌ಲೆಸ್ಸಿನಲ್ಲಿ ಊರಿಗೆಲ್ಲ ಹೇಳುತ್ತಿದ್ದರು. ಅವರು ಕಡಲಲ್ಲಿ ಇಲ್ಲದ ಎರಡು ತಿಂಗಳು ಕಾವಲಿನವರಿಗೆ ಅರ್ಧ ಕಣ್ಣು ಹೋದ ಹಾಗೆ.

2022ರ ಆಗಸ್ಟ್‌ನಲ್ಲಿ ಹರಿಹರೇಶ್ವರದ ದಡದಲ್ಲಿ ಒಂದು ಖಾಲಿ ವಿಹಾರ ದೋಣಿ ಸಿಕ್ಕಿತು. ಒಳಗೆ ಮೂರು ಎಕೆ-47 ಬಂದೂಕುಗಳು. ಜಾಗ ನೋಡಿ: ಅದೇ ರಾಯಗಡ ಜಿಲ್ಲೆ, 1993ರಲ್ಲಿ ಆರ್‌ಡಿಎಕ್ಸ್ ಇಳಿದ ಶೇಖಾಡಿಯ ಹತ್ತಿರ. ಇಡೀ ರಾಜ್ಯ ಕಟ್ಟೆಚ್ಚರಕ್ಕೆ ಹೋಯಿತು. ಕೊನೆಗೆ ಅದು ಒಂದು ಆಸ್ಟ್ರೇಲಿಯನ್ ಮಹಿಳೆಯ ದೋಣಿ, ಮಸ್ಕತ್ ಬಳಿ ಇಂಜಿನ್ ಕೆಟ್ಟು ಬಿಟ್ಟುಹೋಗಿದ್ದು ಎಂದು ಗೊತ್ತಾಯಿತು. 2024ರ ಫೆಬ್ರವರಿಯಲ್ಲಿ ಕುವೈತ್‌ನಲ್ಲಿ ಮಾಲೀಕನ ಕಾಟ ತಾಳಲಾರದೆ ತಮಿಳುನಾಡಿನ ಮೂವರು ಅವನದೇ ಬೋಟ್ ತಗೊಂಡು ಮುಂಬೈ ತನಕ ಬಂದುಬಿಟ್ಟರು. ಗೇಟ್‌ವೇ ಆಫ್ ಇಂಡಿಯಾದ ಹತ್ತಿರ ಬರುವ ತನಕ ಅವರನ್ನು ಯಾರೂ ಹಿಡಿಯಲಿಲ್ಲ.

ಅದರ ಮರುವರ್ಷ ಇಂಥದ್ದೇ ನಮ್ಮೂರಲ್ಲೂ ಆಯಿತು, ನೆನಪಿದೆಯಾ? 2025ರ ಫೆಬ್ರವರಿ. ಒಮಾನ್‌ನಿಂದ ತಪ್ಪಿಸಿಕೊಂಡು ಬಂದ ತಮಿಳುನಾಡಿನ ಮೂವರು ಮೀನುಗಾರರು, ಒಮಾನ್‌ನ ಬೋಟು, ಸೇಂಟ್ ಮೇರಿಸ್ ದ್ವೀಪದ ಸಮೀಪ. ಇಲ್ಲಿ ಕತೆ ಸ್ವಲ್ಪ ಬೇರೆ. ಇದು ನಮ್ಮ ಕಡೆಯ ಬೋಟಿನಂತಿಲ್ಲ ಎಂದು ಮೀನುಗಾರರ ಕಣ್ಣಿಗೆ ಬಿತ್ತು, ಸುದ್ದಿ ಕರಾವಳಿ ಕಾವಲು ಪೊಲೀಸರಿಗೆ ಹೋಯಿತು, ಕೋಸ್ಟ್ ಗಾರ್ಡ್ ಬಂದು ಹಿಡಿಯಿತು. 2008ರಲ್ಲಿ ಇಲ್ಲದ ದಾರಿ ಇಲ್ಲಿ ಕೆಲಸ ಮಾಡಿತು. ಹಾಗಂತ ಬೀಗುವ ಹಾಗಿಲ್ಲ. ಬೋಟು ಆಗಲೇ ದ್ವೀಪದ ತನಕ ಬಂದಿತ್ತು.

ಇಷ್ಟೊಂದು ರಾಡಾರ್ ಇದ್ದೂ ಯಾಕೆ ಹೀಗೆ? ದೊಡ್ಡ ಹಡಗುಗಳು ತಮ್ಮ ಹೆಸರು, ಜಾಗ, ವೇಗವನ್ನು ತಾವೇ ರೇಡಿಯೋದಲ್ಲಿ ಹೇಳುತ್ತಾ ಹೋಗುತ್ತವೆ. ಇದಕ್ಕೆ ಎಐಎಸ್ ಎನ್ನುತ್ತಾರೆ. 300 ಟನ್‌ಗಿಂತ ದೊಡ್ಡ ಹಡಗುಗಳು ಅಂತರರಾಷ್ಟ್ರೀಯ ಯಾನದಲ್ಲಿ ಇದನ್ನು ಇಟ್ಟುಕೊಳ್ಳಲೇಬೇಕು. ನಮ್ಮಲ್ಲಿ 20 ಮೀಟರ್‌ಗಿಂತ ಉದ್ದದ ಮೀನುಗಾರಿಕೆ ಬೋಟುಗಳಿಗೂ ಕಡ್ಡಾಯ. ಉಳಿದ ಲಕ್ಷಾಂತರ ಸಣ್ಣ ದೋಣಿಗಳು ಏನನ್ನೂ ಹೇಳುವುದಿಲ್ಲ. ಮರದ ಮತ್ತು ಫೈಬರ್ ದೋಣಿಗಳು ರಾಡಾರಿಗೂ ಸರಿಯಾಗಿ ಸಿಗುವುದಿಲ್ಲ. ಅಲೆ ಎದ್ದ ದಿನವಂತೂ ನಾಡದೋಣಿ ಯಾವುದು, ಅಲೆ ಯಾವುದು ಎಂದು ಪರದೆಯಲ್ಲಿ ಹೇಳುವುದೇ ಕಷ್ಟ. ಕಂಡರೂ ಅದೊಂದು ಚುಕ್ಕೆ. ಚುಕ್ಕೆ ಯಾರದ್ದು ಎಂದು ರಾಡಾರ್ ಹೇಳುವುದಿಲ್ಲ.

ಯಂತ್ರ ಇದ್ದರೂ ಆರಿಸಿಡುವವರಿದ್ದಾರೆ. ಬೇಕೆಂದೇ. ತಂಡೇಲನಿಗೆ ಒಳ್ಳೆ ಮೀನು ಸಿಕ್ಕ ಜಾಗ ಅವನ ಆಸ್ತಿ. ಅದನ್ನು ಪಕ್ಕದ ಬೋಟಿನವನಿಗೆ ಯಾಕೆ ತೋರಿಸಬೇಕು? ಬೇರೆ ರಾಜ್ಯದ ನೀರಿಗೆ ಹೋದವನಿಗೆ, ನಿಷೇಧವಿರುವ ಲೈಟ್ ಫಿಶಿಂಗ್ (ಪ್ರಖರ ದೀಪ ಹಾಕಿ ಮೀನು ಸೆಳೆದು ಹಿಡಿಯುವುದು) ಮಾಡುವವನಿಗೆ ದಂಡದ ಭಯ. ಇವರಲ್ಲಿ ಯಾರೂ ಭಯೋತ್ಪಾದಕರಲ್ಲ. ಆದರೆ ಅವರು ಆರಿಸಿದ ಪ್ರತಿಯೊಂದು ಪೆಟ್ಟಿಗೆಯೂ ಕತ್ತಲನ್ನು ಸ್ವಲ್ಪ ಹೆಚ್ಚಿಸುತ್ತದೆ.

ಮೀನುಗಾರರಿಗೆ ಈ ಪೆಟ್ಟಿಗೆಯ ಮೇಲೆ ನಂಬಿಕೆ ಬರಬೇಕಾದರೆ ಮೊದಲು ಅದು ಅವರ ಜೀವ ಉಳಿಸಬೇಕು. ಇಲ್ಲಿ ಸುವರ್ಣ ತ್ರಿಭುಜ ಬೋಟಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಏಳು ಜನರನ್ನು ಹೊತ್ತು ಹೊರಟ ಬೋಟು. ಎರಡು ಮೂರು ದಿನಗಳಲ್ಲಿ ಸಂಪರ್ಕ ಕಡಿಯಿತು. ಮನೆಯವರು ತಿಂಗಳುಗಟ್ಟಲೆ ಕಾದರು. ಜನವರಿಯಲ್ಲಿ ಮೀನುಗಾರರು ಸಾವಿರಾರು ಸಂಖ್ಯೆಯಲ್ಲಿ ಹೆದ್ದಾರಿಗೆ ಇಳಿದರು. ಬೋಟನ್ನು ಯಾರೋ ಅಪಹರಿಸಿರಬಹುದು ಎಂಬ ಅನುಮಾನ ಎಲ್ಲರ ಬಾಯಲ್ಲಿತ್ತು. ಕುಬೇರ್‌ನ ನೆನಪು ಇದ್ದವರಿಗೆ ಆ ಅನುಮಾನ ಬರುವುದು ಸಹಜವೇ. ಕೊನೆಗೆ 2019ರ ಮೇ ತಿಂಗಳಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಹಡಗು ಮಹಾರಾಷ್ಟ್ರದ ಮಾಲ್ವಣ್ ತೀರದಾಚೆ, ಕಡಲ ತಳದಲ್ಲಿ ಬೋಟಿನ ಅವಶೇಷ ಪತ್ತೆ ಮಾಡಿತು.

ಒಂದು ಬೋಟು ಎಲ್ಲಿದೆ ಎಂದು ತಿಳಿಯಲು ನಾಲ್ಕು ತಿಂಗಳಿಗೂ ಜಾಸ್ತಿ ಬೇಕಾಯಿತು. ಇದನ್ನು ಮೀನುಗಾರರ ಸುರಕ್ಷತೆಯ ವಿಷಯ, ಅದು ಮೀನುಗಾರಿಕೆ ಇಲಾಖೆಗೆ ಸೇರಿದ್ದು ಎಂದು ಪಕ್ಕಕ್ಕಿಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಷ್ಟದಲ್ಲಿರುವ ನಮ್ಮದೇ ಬೋಟು ಎಲ್ಲಿದೆ ಎಂದು ಹೇಳಲಾರದ ವ್ಯವಸ್ಥೆ, ಕೇಡು ಬಯಸಿ ಬರುವ ಬೋಟನ್ನು ಹೇಗೆ ಹೇಳೀತು? ಇಸ್ರೋ ತಂತ್ರಜ್ಞಾನದ ಟ್ರಾನ್ಸ್‌ಪಾಂಡರುಗಳನ್ನು ಒಂದು ಲಕ್ಷ ಬೋಟುಗಳಿಗೆ ಉಚಿತವಾಗಿ ಹಾಕುವ ಯೋಜನೆಗೆ 2024ರ ಆಗಸ್ಟ್‌ನಲ್ಲಿ ಚಾಲನೆ ಸಿಕ್ಕಿತು. ಖರ್ಚು 364 ಕೋಟಿ ರೂಪಾಯಿ. ಮೊಬೈಲ್ ಸಿಗ್ನಲ್ ಇಲ್ಲದ ಕಡೆಯೂ ಇದರಿಂದ ಎರಡೂ ದಿಕ್ಕಿನಲ್ಲಿ ಸಂದೇಶ ಹೋಗುತ್ತದೆ. ಚಂಡಮಾರುತದ ಎಚ್ಚರಿಕೆ, ಎಲ್ಲಿ ಮೀನು ಸಿಗಬಹುದು ಎಂಬ ಮಾಹಿತಿ ಬರುತ್ತದೆ. ಅಪಾಯದಲ್ಲಿ ಗುಂಡಿ ಒತ್ತಬಹುದು. ಇದು ಸರಿಯಾದ ದಾರಿ ಎಂದು ನನಗನ್ನಿಸುತ್ತದೆ. ಉಪಯೋಗ ಕಂಡರೆ ತಂಡೇಲ ಅದನ್ನು ಆರಿಸುವುದಿಲ್ಲ.

ಈಗ ಪೊಲೀಸರ ವಿಷಯ. ನಮ್ಮ ಕರಾವಳಿ ಕಾವಲು ಪೊಲೀಸ್ ಘಟಕದ ಮುಖ್ಯ ಕಚೇರಿ ಮಲ್ಪೆಯಲ್ಲೇ ಇದೆ. ಮಂಗಳೂರು, ಹೆಜಮಾಡಿ, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ಕುಮಟಾ, ಬೇಲೆಕೇರಿ, ಕಾರವಾರ, ಹೀಗೆ 9 ಠಾಣೆಗಳು. ಕರಾವಳಿಯ ಉದ್ದ 320 ಕಿಲೋಮೀಟರ್ ಎಂದು ನಾವು ಓದಿಕೊಂಡು ಬಂದಿದ್ದೇವೆ. ಅಂದರೆ ಸರಾಸರಿ 35 ಕಿಲೋಮೀಟರಿಗೆ ಒಂದು ಠಾಣೆ. ಕಾಗದದಲ್ಲಿ ಪರವಾಗಿಲ್ಲ. ಆದರೆ ಕಡಲ ಪೊಲೀಸ್ ಕೆಲಸ ಬೇರೆಯದೇ ವಿದ್ಯೆ. ಬಯಲುಸೀಮೆಯಿಂದ ವರ್ಗವಾಗಿ ಬಂದ ಪೇದೆಗೆ ಮೊದಲ ವಾರ ವಾಂತಿ ನಿಲ್ಲಿಸಿಕೊಳ್ಳುವುದೇ ದೊಡ್ಡ ಕೆಲಸ. ಕಡಲು ಅರ್ಥವಾಗುವಷ್ಟರಲ್ಲಿ ಮತ್ತೆ ವರ್ಗ. ಬೋಟಿಗೆ ಡೀಸೆಲ್ ಬೇಕು, ಬಿಡಿಭಾಗ ಬೇಕು, ಇಂಜಿನ್ ಗೊತ್ತಿರುವವರು ಬೇಕು. ಹಲವು ರಾಜ್ಯಗಳಲ್ಲಿ ಗಸ್ತಿನ ಬೋಟುಗಳು ಓಡದೆ ಕೂತಿದ್ದವು ಎಂದು ಸರ್ಕಾರದ ಲೆಕ್ಕ ಪರಿಶೀಲಿಸುವ ಸಿಎಜಿಯ ವರದಿಗಳೇ ಹೇಳಿವೆ. ಕರಾವಳಿ ಪೊಲೀಸರಿಗೆಂದೇ ಗುಜರಾತಿನ ಓಖಾದಲ್ಲಿ ರಾಷ್ಟ್ರೀಯ ಅಕಾಡೆಮಿ ಶುರುವಾದದ್ದು 2018ರಲ್ಲಿ. 26/11 ಆಗಿ ಹತ್ತು ವರ್ಷದ ಮೇಲೆ!

ನಮ್ಮ ದಡದ ಮೇಲೆ ಏನೇನಿದೆ ಎಂದೂ ಒಮ್ಮೆ ನೋಡಿ. ಕಾರವಾರದಲ್ಲಿ ಕದಂಬ ನೌಕಾನೆಲೆ. ಅದರಿಂದ ಒಳಗೆ, ಕಾಳಿ ನದಿಯ ಪಕ್ಕ, ಕೈಗಾ ಅಣುಸ್ಥಾವರ. ಮಂಗಳೂರಿನಲ್ಲಿ ನವಮಂಗಳೂರು ಬಂದರು, ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರ. ಕಾಪು ತಾಲೂಕಿನ ಪಾದೂರಿನಲ್ಲಿ ನೆಲದಡಿಯ ಬಂಡೆಯ ಗುಹೆಗಳಲ್ಲಿ 25 ಲಕ್ಷ ಟನ್ ಕಚ್ಚಾತೈಲ ತುಂಬುವ ಸಂಗ್ರಹಾಗಾರ. ಮಂಗಳೂರಿನಲ್ಲಿ 15 ಲಕ್ಷ ಟನ್‌ನದ್ದು ಇನ್ನೊಂದು. ಗುಹೆ ಭದ್ರವಾಗಿಯೇ ಇದೆ, ಬಂಡೆಯನ್ನು ಕೊರೆದು ಯಾರೂ ಬರುವುದಿಲ್ಲ. ಆದರೆ ಎಣ್ಣೆ ಬರುವುದು ಸಮುದ್ರದಿಂದ. ದೊಡ್ಡ ಹಡಗುಗಳು ಬಂದರಿನಿಂದಾಚೆ ನಡುನೀರಿನಲ್ಲೇ ನಿಂತು ಕೊಳವೆಗೆ ಎಣ್ಣೆ ಇಳಿಸುತ್ತವೆ. ಹೀಗೆ ನಿಂತ ಹಡಗಿನ ಪಕ್ಕಕ್ಕೆ ಒಂದು ಸಣ್ಣ ದೋಣಿ ಬಂದರೆ ಏನಾಗಬಹುದು ಎಂಬುದಕ್ಕೆ 2000ದ ಅಕ್ಟೋಬರ್‌ನ ಏಡನ್ ಬಂದರು ಉದಾಹರಣೆ. ಅಮೆರಿಕದ ಯುದ್ಧನೌಕೆ ಯುಎಸ್‌ಎಸ್ ಕೋಲ್‌ಗೆ ಸ್ಫೋಟಕ ತುಂಬಿದ ಸಣ್ಣ ಬೋಟೊಂದು ತಾಗಿತು. 17 ನಾವಿಕರು ಸತ್ತರು.

ಹಾಗಾದರೆ ಎಲ್ಲ ದೋಣಿಗಳನ್ನೂ ದೂರ ಇಟ್ಟರಾಯಿತು ಎನ್ನುತ್ತೀರಾ? ಮುಂಬೈ ತೀರದಾಚೆ ಕಡಲಲ್ಲಿರುವ ಮುಂಬೈ ಹೈ ಎಣ್ಣೆ ವೇದಿಕೆಗಳ ಸುತ್ತ 500 ಮೀಟರ್ ಸುರಕ್ಷಾ ವಲಯ ಇದೆ. ಅದರೊಳಗೆ ಯಾವ ಬೋಟೂ ಬರಬಾರದು. ಆದರೆ ನೀರೊಳಗಿನ ಕಂಬಗಳ ಸುತ್ತ ಮೀನು ಸೇರುತ್ತದೆ. ಮೀನು ಇರುವ ಕಡೆ ಮೀನುಗಾರ ಹೋಗುತ್ತಾನೆ. ಕಾವಲಿನ ಹಡಗಿನವರು ಓಡಿಸುತ್ತಾರೆ, ಇವರು ಮತ್ತೆ ಬರುತ್ತಾರೆ. ದಿನಾ ಇದೇ ನಡೆದರೆ ನಿಜವಾದ ಅಪಾಯ ಬಂದ ದಿನವೂ ಅದು ಮಾಮೂಲಿನಂತೆಯೇ ಕಾಣಬಹುದು.

ಕಾರವಾರದ ಕಡೆಯವರಿಗೆ ಇನ್ನೊಂದು ನೋವೂ ಇದೆ. ನೌಕಾನೆಲೆಗಾಗಿ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಬಲೆ ಎಳೆಯುತ್ತಿದ್ದ ದಡ ಬಿಟ್ಟುಕೊಟ್ಟವು. ಪರಿಹಾರದ ಜಗಳ ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆಯಿತು. ಆ ಮನೆಯ ಹುಡುಗನಿಗೆ 'ನೀನೇ ದೇಶದ ಕಣ್ಣು, ಕಿವಿ' ಎಂದು ಭಾಷಣ ಮಾಡುವ ಮೊದಲು ಪರಿಹಾರದ ಕಡತ ಎಲ್ಲಿದೆ ಎಂದು ವಿಚಾರಿಸುವುದು ಒಳ್ಳೆಯದು. ಭದ್ರತೆಗೂ ಅದಕ್ಕೂ ಸಂಬಂಧ ಇಲ್ಲ ಎಂದುಕೊಳ್ಳಬೇಡಿ.

ನನ್ನ ಮಾತು ಇಷ್ಟು. ಇನ್ನು ನಿಮ್ಮ ಪ್ರಶ್ನೆಗಳು.

*ಡ್ರೋನ್ ಬಂದ ಮೇಲೆ ಬೋಟಿನ ಚಿಂತೆ ಹಳೆಯದಾಗಲಿಲ್ಲವೇ, ಸರ್?*

ಡ್ರೋನ್ ಚಿಂತೆ ನಿಜ. 2019ರ ಸೆಪ್ಟೆಂಬರ್‌ನಲ್ಲಿ ಸೌದಿಯ ಅಬ್ಕೈಕ್ ತೈಲ ಘಟಕದ ಮೇಲೆ ಡ್ರೋನ್ ಮತ್ತು ಕ್ಷಿಪಣಿ ಬಿದ್ದು ಆ ದೇಶದ ತೈಲ ಉತ್ಪಾದನೆ ಅರ್ಧದಷ್ಟು ನಿಂತಿತ್ತು. 2021ರ ಜೂನ್‌ನಲ್ಲಿ ಜಮ್ಮು ವಾಯುನೆಲೆಯ ಮೇಲೂ ಡ್ರೋನ್‌ನಿಂದ ಸ್ಫೋಟಕ ಬಿತ್ತು. ಆದರೆ ಸಣ್ಣ ಡ್ರೋನ್ ಹೆಚ್ಚು ದೂರ ಹಾರುವುದಿಲ್ಲ. ಸಮುದ್ರದ ಕಡೆಯಿಂದ ಬರಬೇಕಾದರೆ ಅದನ್ನು ಹಾರಿಸಲು ಒಂದು ಬೋಟು ಬೇಕಲ್ವಾ? ಮತ್ತೆ ಅದೇ ಪ್ರಶ್ನೆಗೆ ಬಂದೆವು.

*ಬೋಟುಗಳಲ್ಲಿ ಈಗ ಒಡಿಶಾ, ಆಂಧ್ರ, ಜಾರ್ಖಂಡ್‌ನವರೇ ಜಾಸ್ತಿ. ಅವರ ಗುರುತು ಪರಿಶೀಲನೆ ಹೇಗೆ?*

ಮೀನುಗಾರರಿಗೆ ಬಯೋಮೆಟ್ರಿಕ್ ಕಾರ್ಡ್ ಇದೆ. ಹೊರಡುವಾಗ ಬೋಟಿನಲ್ಲಿ ಯಾರಿದ್ದಾರೆ ಎಂದು ಬರೆಸಬೇಕು. ಆದರೆ ರಾತ್ರಿ ಒಬ್ಬನಿಗೆ ಜ್ವರ ಬಂದರೆ ಬೆಳಗ್ಗೆ ನಾಲ್ಕಕ್ಕೆ ಮಾಲೀಕ ಧಕ್ಕೆಯಲ್ಲಿ (ಬೋಟು ಕಟ್ಟುವ ಕಟ್ಟೆಯಲ್ಲಿ) ಸಿಕ್ಕ ಇನ್ನೊಬ್ಬನನ್ನು ಹತ್ತಿಸುತ್ತಾನೆ. ಆ ಹೊತ್ತಿಗೆ ಯಾವ ಕಚೇರಿ ತೆರೆದಿರುತ್ತದೆ? ನಿಯಮ ಮಾಡುವವರು ಒಮ್ಮೆ ಆ ಹೊತ್ತಿಗೆ ಧಕ್ಕೆಗೆ ಬಂದು ನೋಡಬೇಕು. ಇನ್ನೊಂದು, ಹೊರ ರಾಜ್ಯದವರು ಅಂದ ಮಾತ್ರಕ್ಕೆ ಅನುಮಾನಿಸುವುದು ತಪ್ಪು. ಕುಬೇರ್‌ನಲ್ಲಿ ಸತ್ತವರೂ ಹೀಗೆಯೇ ಹೊಟ್ಟೆಪಾಡಿಗೆ ಕಡಲಿಗೆ ಇಳಿದವರು.

*ಏನಾದರೂ ಅನುಮಾನ ಬಂದರೆ ಯಾರಿಗೆ ಹೇಳಬೇಕು?*

1093ಕ್ಕೆ ಫೋನ್ ಮಾಡಿ, ಅದು ಕರಾವಳಿ ಕಾವಲು ಪೊಲೀಸರದ್ದು. ಕಡಲಲ್ಲಿ ಯಾರಾದರೂ ಅಪಾಯದಲ್ಲಿದ್ದರೆ ಕೋಸ್ಟ್ ಗಾರ್ಡ್‌ನ 1554.

*ಇಷ್ಟು ಇಲಾಖೆಗಳು ಯಾಕೆ? ಒಂದೇ ಮಾಡಿದರೆ ಆಗದೇ?*

ನೌಕಾಪಡೆ, ಕೋಸ್ಟ್ ಗಾರ್ಡ್, ಪೊಲೀಸ್, ಕಸ್ಟಮ್ಸ್, ಮೀನುಗಾರಿಕೆ, ಬಂದರು, ಸಿಐಎಸ್‌ಎಫ್, ಗುಪ್ತಚರ, ಹೀಗೆ ಹತ್ತಕ್ಕೂ ಹೆಚ್ಚು ಇವೆ. ಎಲ್ಲವನ್ನೂ ಕೂಡಿಸಲು 2022ರಲ್ಲಿ ಮೊದಲ ಬಾರಿಗೆ ರಾಷ್ಟ್ರೀಯ ಕಡಲ ಭದ್ರತಾ ಸಂಯೋಜಕರನ್ನು ನೇಮಿಸಿದರು. ನಿವೃತ್ತ ವೈಸ್ ಅಡ್ಮಿರಲ್ ಜಿ. ಅಶೋಕ್ ಕುಮಾರ್ ಆ ಹುದ್ದೆಗೆ ಬಂದರು. ಒಂದೇ ಇಲಾಖೆ ಮಾಡುವುದು ಆಗದ ಮಾತು, ಯಾಕೆಂದರೆ ಪೊಲೀಸ್ ಮತ್ತು ತೀರದ ಮೀನುಗಾರಿಕೆ ಎರಡೂ ರಾಜ್ಯದ ವಿಷಯಗಳು. ನನಗೆ ಅದಕ್ಕಿಂತ ಸಣ್ಣದೊಂದು ಆಸೆ ಇದೆ. ಸಾಗರ್ ಕವಚ್ ಎಂಬ ಅಣಕು ಕಾರ್ಯಾಚರಣೆ ಇಲ್ಲಿ ನಡೆಯುತ್ತಲೇ ಇರುತ್ತದೆ. ನಮ್ಮವರೇ ಒಂದು ತಂಡ ವೈರಿಗಳಂತೆ ವೇಷ ಹಾಕಿ, ಮೀನುಗಾರರ ಬೋಟಿನಲ್ಲೇ ದಡಕ್ಕೆ ನುಗ್ಗಲು ನೋಡುತ್ತದೆ. ಇನ್ನೊಂದು ತಂಡ ಅವರನ್ನು ಹಿಡಿಯಬೇಕು. ಮರುದಿನ ಪತ್ರಿಕೆಯಲ್ಲಿ ಫೋಟೋ ಬರುತ್ತದೆ, ಅಲ್ಲಿಗೆ ಮುಗಿಯಿತು. ಎಲ್ಲಿ ನುಗ್ಗಿದರು, ಯಾರ ಕಣ್ಣು ತಪ್ಪಿಸಿದರು ಎಂಬುದನ್ನು ಪತ್ರಿಕೆಗೆ ಹೇಳುವುದು ಬೇಡ, ಅದು ಗುಟ್ಟಾಗಿಯೇ ಇರಲಿ. ಆದರೆ ಮೀನುಗಾರರ ಸಂಘದ ನಾಲ್ಕು ಹಿರಿಯರನ್ನು ಠಾಣೆಗೆ ಕರೆದು, ಚಹಾ ಕೊಟ್ಟು, 'ನಿಮ್ಮ ಬೋಟುಗಳ ಪಕ್ಕದಲ್ಲೇ ಹೀಗೆ ಬಂದೆವು, ನಿಮಗ್ಯಾಕೆ ಗೊತ್ತಾಗಲಿಲ್ಲ?' ಎಂದು ಕೇಳಬಹುದಲ್ಲ. ಅವರು ಕೊಡುವ ಉತ್ತರವನ್ನು ಬರೆದಿಟ್ಟುಕೊಂಡು ಮುಂದಿನ ಸಲದ ಗಸ್ತಿನ ದಾರಿ ಬದಲಿಸಬಹುದು.